ಜೇನಿಗೆ ಯಾವ ಮನೆ

ಕೆಲವರ ಕಾಲು ಸೀರೆ ಅಂಗಡಿಯ ಮುಂದೆ ತಾನಾಗಿ ನಿಲ್ಲುತ್ತದೆ, ಕೆಲವರದು ಚಿನ್ನದ ಅಂಗಡಿಯ ಮುಂದೆ. ನನ್ನದು ನಿಲ್ಲುವುದು ಮರದ ಡಿಪೋ ಮುಂದೆ. ಟೊಳ್ಳಾದ ಯಾವುದೇ ವಸ್ತು ಕಣ್ಣಿಗೆ ಬೀಳಲಿ, ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ, ಗೇಣು ಹಾಕಿ ಅಗಲ ನೋಡದಿದ್ದರೆ ನನಗೆ ಸಮಾಧಾನವಿಲ್ಲ. ಹೋದ ತಿಂಗಳು ಅಮ್ಮತ್ತಿಯಲ್ಲಿ ಒಂದು ಮದುವೆಗೆ ಹೋಗಿದ್ದೆವು. ಊಟದ ಮನೆಯ ಮೂಲೆಯಲ್ಲಿ ಹಳೆಯ ಸ್ಪೀಕರ್ ಪೆಟ್ಟಿಗೆಯೊಂದು ಹೊಟ್ಟೆ ಬರಿದಾಗಿ ಬಿದ್ದಿತ್ತು. ನಾನು ಬಗ್ಗಿ ಅದರೊಳಗೆ ಕೈಹಾಕಿ ಅಳೆಯುತ್ತಿದ್ದಾಗ ಸೌಂಡ್ ಸಿಸ್ಟಮ್ಮಿನವರು ಹತ್ತಿರ ಬಂದು, "ಏನಾದರೂ ಕಳೆದುಹೋಯ್ತಾ ಮೇಡಂ?" ಎಂದು ವಿನಯದಿಂದ ಕೇಳಿದರು. ಹಿಂದೆ ನಿಂತಿದ್ದ ನನ್ನ ಗಂಡ ಲೋಕೇಶ್, "ಕಳೆದುಹೋದದ್ದು ಎರಡು ವರ್ಷ ಆಯ್ತು, ಸಿಗೋ ಹಾಗೆ ಕಾಣಲ್ಲ" ಎಂದು ನನ್ನನ್ನು ಪಾಯಸದ ಕಡೆ ನಡೆಸಿಕೊಂಡು ಹೋದರು.

ಈ ಚಟ ನನಗೆ ಅಂಟಿದ್ದು ಐವತ್ತನೆಯ ವಯಸ್ಸಿನಲ್ಲಿ. ಅದಕ್ಕೂ ಮೊದಲು ಜೇನುಪೆಟ್ಟಿಗೆಗೂ ನನಗೂ ಇದ್ದ ಸಂಬಂಧ ಒಂದೇ ಒಂದು. ಅದನ್ನು ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ನನ್ನ ತಂದೆ ಮಡಿಕೇರಿಯಲ್ಲಿ ಸರ್ಕಾರಿ ಗುಮಾಸ್ತರಾಗಿದ್ದರು. ನಾವಿದ್ದ ಕ್ವಾರ್ಟರ್ಸಿನ ಪಕ್ಕದ ಮನೆಯ ಸಾಹೇಬರು ಅಂಗಳದಲ್ಲಿ ಒಂದು ಜೇನುಪೆಟ್ಟಿಗೆ ಇಟ್ಟಿದ್ದರು. ಕಂಬದ ಮೇಲೆ ನಿಂತ ಪೆಟ್ಟಿಗೆ, ಮೇಲೆ ಇಳಿಜಾರು ಟೋಪಿ, ಮುಂದುಗಡೆ ಉದ್ದನೆಯ ಸೀಳು. ನನಗಾಗ ಆರು ವರ್ಷ. ಅಪ್ಪ ಒಂದು ದಿನ ಇನ್‌ಲ್ಯಾಂಡ್ ಪತ್ರ ಕೊಟ್ಟು ಅಂಚೆಪೆಟ್ಟಿಗೆಗೆ ಹಾಕಿ ಬಾ ಎಂದರು. ಅಂಚೆಪೆಟ್ಟಿಗೆ ಇದ್ದದ್ದು ದೊಡ್ಡ ಏರು ಹತ್ತಿದ ಮೇಲೆ. ಇಷ್ಟು ಹತ್ತಿರ ಒಂದು ಇರುವಾಗ ಅಷ್ಟು ದೂರ ಯಾಕೆ ಹೋಗಬೇಕು ಎಂದು ನಾನು ಪತ್ರವನ್ನು ಸಾಹೇಬರ ಪೆಟ್ಟಿಗೆಯ ಸೀಳಿಗೆ ತುರುಕಿದೆ. ಒಳಗಿನವರಿಗೆ ಅದು ಹಿಡಿಸಲಿಲ್ಲ. ಎಡಗಣ್ಣಿನ ರೆಪ್ಪೆಗೆ ಒಂದು, ತುಟಿಗೆ ಒಂದು ಕೊಟ್ಟರು. ಮನೆಗೆ ಓಡಿಬಂದು, ಬಿದ್ದೆ ಎಂದು ಸುಳ್ಳು ಹೇಳಿದೆ. ಪತ್ರ ದೊಡ್ಡಪ್ಪನಿಗೆ ಬರೆದದ್ದು. ಬರುವಾಗ ಎರಡು ಸೇರು ಅವರೆಕಾಳು ತನ್ನಿ ಎಂದು. ದೊಡ್ಡಪ್ಪ ಬಂದರು, ಬರಿಗೈಯಲ್ಲಿ. ಅಮ್ಮ ಒಂದು ವಾರ ಮುಖ ಊದಿಸಿಕೊಂಡಿದ್ದಳು. ಎಷ್ಟೋ ತಿಂಗಳ ಮೇಲೆ ಸಾಹೇಬರು ಪೆಟ್ಟಿಗೆ ತೆಗೆದಾಗ ಅಂಚನ್ನೆಲ್ಲ ಜೇನುನೊಣಗಳು ಕಚ್ಚಿ ಹರಿದಿದ್ದ ಕಾಗದವೊಂದು ಸಿಕ್ಕಿತು. ನಡುವೆ ‘ಅವರೆಕಾಳು’ ಎಂಬ ಪದ ಮಾತ್ರ ಚೆನ್ನಾಗಿ ಉಳಿದಿತ್ತಂತೆ.

ಅಲ್ಲಿಗೆ ಮುಗಿದಿದ್ದ ಈ ನಂಟು ಮತ್ತೆ ಶುರುವಾದದ್ದು ನಮ್ಮದೇ ಕಾಫಿ ತೋಟದಲ್ಲಿ. ನಾನು ಸರ್ಕಾರಿ ಶಾಲೆಯಲ್ಲಿ ಗಣಿತ, ವಿಜ್ಞಾನ ಹೇಳಿಕೊಡುವವಳು. ಮದುವೆಯಾಗಿ ಸೇರಿದ್ದು ಕುಶಾಲನಗರದ ಹತ್ತಿರದ ಒಂದು ಹಳ್ಳಿಗೆ. ಜೋಳ, ಶುಂಠಿಯ ಬಯಲು ಮುಗಿದು ಕಾಫಿ ಶುರುವಾಗುವ ಕಡೆ. ನನ್ನ ಗಂಡನ ಮನೆಯವರು ಹಾಸನದ ಕಡೆಯಿಂದ ಬಂದು ನೆಲೆಸಿದವರು. ಎರಡು ಎಕರೆ ರೋಬಸ್ಟಾ ಇದೆ. ಎರಡು ವರ್ಷದ ಹಿಂದೆ, ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ ನಿಂತಿತ್ತು. ಬೆಳಿಗ್ಗೆಯಷ್ಟೇ ಏಳನೆಯ ತರಗತಿಯಲ್ಲಿ ಪರಾಗಸ್ಪರ್ಶದ ಪಾಠ ಮಾಡಿ, ಬೋರ್ಡಿನ ಮೇಲೆ ಒಂದು ದುಂಡಗಿನ ಜೇನುನೊಣ ಬರೆದು ಬಂದಿದ್ದೆ. ಸಂಜೆ ಹೂವಿನ ಮಧ್ಯೆ ನಿಂತು ಕಿವಿಗೊಟ್ಟರೆ ಸದ್ದೇ ಇಲ್ಲ. ಅಷ್ಟು ಹೂವು, ಅಷ್ಟು ಪರಿಮಳ. ಬಂದವರು ಮಾತ್ರ ಬೆರಳೆಣಿಕೆ. ಮದುವೆಮನೆಯಲ್ಲಿ ಎಲೆ ಹಾಕಿ ಕಾಯುತ್ತಿದ್ದ ಹಾಗಿತ್ತು. ಆ ಕ್ಷಣವೇ ನಿರ್ಧಾರ ಮಾಡಿಬಿಟ್ಟೆ, ಜೇನು ಸಾಕಬೇಕು.

ಲೋಕೇಶ್‌ಗೆ ಹೇಳಿದೆ. ಅವರು ಟ್ರ್ಯಾಕ್ಟರ್ ತೊಳೆಯುತ್ತಿದ್ದರು. "ಸಾಕೋಣ. ತೋಟಗಾರಿಕೆ ಇಲಾಖೆಯಿಂದ ಪೆಟ್ಟಿಗೆ ಕೊಡ್ತಾರೆ. ನಾಳೆನೇ ತರ್ತೀನಿ" ಎಂದರು.

ಮಾತು ಅಷ್ಟಕ್ಕೇ ನಿಂತಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಅಂದು ರಾತ್ರಿ ನಾನು ಮೊಬೈಲು ತೆರೆದೆ.

ಜೇನುಪೆಟ್ಟಿಗೆ ಹೇಗಿರಬೇಕು ಎಂಬ ವಿಷಯದಲ್ಲಿ ಜಗತ್ತಿನಲ್ಲಿ ಇಷ್ಟೊಂದು ಜಗಳವಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಮಲಗಿಸಿದ ಪೆಟ್ಟಿಗೆ, ನಿಲ್ಲಿಸಿದ ಪೆಟ್ಟಿಗೆ, ಹುಲ್ಲಿನ ಬುಟ್ಟಿ, ಮಣ್ಣಿನ ಮಡಕೆ, ಮರದ ಬೊಡ್ಡೆ. ಒಂದೊಂದಕ್ಕೂ ಭಕ್ತರು, ಒಂದೊಂದಕ್ಕೂ ವೈರಿಗಳು. ನಮ್ಮ ಕಡೆ ಎಲ್ಲರೂ ಇಡುವುದು ಚೌಕಟ್ಟಿನ ಪೆಟ್ಟಿಗೆ. ಅದರಲ್ಲಿ ಪುಸ್ತಕ ಜೋಡಿಸಿದ ಹಾಗೆ ಮರದ ಚೌಕಟ್ಟುಗಳಿರುತ್ತವೆ, ಒಂದೊಂದರೊಳಗೂ ಜೇನು ಒಂದೊಂದು ಎರಿ ಕಟ್ಟುತ್ತದೆ. ಎರಿ ಎಂದರೆ ಆರು ಮೂಲೆಯ ಕೋಣೆಗಳಿರುವ ಮೇಣದ ಹಲಗೆ. ಬೇಕಾದಾಗ ಒಂದು ಚೌಕಟ್ಟನ್ನು ಎತ್ತಿ ನೋಡಬಹುದು, ಇನ್ನೊಂದು ಪೆಟ್ಟಿಗೆಗೆ ಹಾಕಬಹುದು, ಯಂತ್ರದಲ್ಲಿ ತಿರುಗಿಸಿ ಜೇನುತುಪ್ಪ ತೆಗೆಯಬಹುದು. ಎಲ್ಲ ಅನುಕೂಲ, ಆದರೆ ಎಲ್ಲ ನಮ್ಮ ಅನುಕೂಲ. ಸಹಜವಾಗಿ ಜೇನು ಸಾಕುವವರು ಹೇಳುವುದು ಬೇರೆ: ಚೌಕಟ್ಟು ಬೇಡ, ಮೇಣದ ಹಾಳೆ ಅಂಟಿಸಿ ಕೊಡಬೇಡಿ, ಸಕ್ಕರೆ ಪಾನಕ ಕುಡಿಸಬೇಡಿ, ವಾರಕ್ಕೊಮ್ಮೆ ಮುಚ್ಚಳ ತೆಗೆದು ಇಣುಕಬೇಡಿ. ಮೇಲೆ ಅಡ್ಡಕ್ಕೆ ಪಟ್ಟಿಗಳನ್ನಷ್ಟೇ ಜೋಡಿಸಿ. ಅದರಿಂದ ಕೆಳಕ್ಕೆ ಜೇನು ತನಗೆ ಬೇಕಾದಂತೆ ಎರಿ ಇಳಿಬಿಟ್ಟುಕೊಳ್ಳಲಿ. ಮಿಕ್ಕಿದ್ದರೆ ತೆಗೆದುಕೊಳ್ಳಿ, ಇಲ್ಲವಾದರೆ ಸುಮ್ಮನಿರಿ.

ನನಗೆ ಇದು ಬಹಳ ಹಿಡಿಸಿತು. ಲೋಕೇಶ್, "ಅಂದ್ರೆ ಸೋಮಾರಿಗಳ ಜೇನು ಸಾಕಣೆ" ಎಂದರು. ಆಮೇಲಿನ ಹದಿನೈದು ದಿನ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಮರೆತು, ಪೆಟ್ಟಿಗೆಯ ಬಾಯಿ ಪೂರ್ವಕ್ಕಿರಬೇಕೋ ಆಗ್ನೇಯಕ್ಕೋ ಎಂದು ಯೋಚಿಸುತ್ತಿದ್ದೆ. "ಈ ಮನೆ ಕಟ್ಟಿಸುವಾಗ ಬಚ್ಚಲು ಎಲ್ಲಿ ಬರಬೇಕು ಅಂತ ಕೇಳಿದ್ರೆ ಎಲ್ಲಾದ್ರೂ ಬರಲಿ ಅಂದಿದ್ದೆ ನೀನು" ಎಂದು ಲೋಕೇಶ್ ನೆನಪಿಸಿದರು.

ಕೊನೆಗೆ ಪಟ್ಟಿಯ ಪೆಟ್ಟಿಗೆಯೇ ಸೈ ಎಂದು ತೀರ್ಮಾನಿಸಿ ನೆಲ್ಯಹುದಿಕೇರಿಗೆ ಹೋದೆ. ಅಲ್ಲಿ ರಾಘವೇಟ್ಟ ಎಂಬ ಬಡಗಿ ಇದ್ದಾರೆ. ಮಾತು ಮಲಯಾಳ ಬೆರೆತ ಕನ್ನಡ, ಕೆಲಸ ಅಪ್ಪಟ. ದನದ ಬಾನಿಯ ಹಾಗೆ ಕೆಳಗೆ ಕಿರಿದಾಗಿ ಮೇಲೆ ಅಗಲವಾಗಿರುವ ಪೆಟ್ಟಿಗೆಯ ಚಿತ್ರ ಬರೆದು, ಉದ್ದ ನಲವತ್ತೈದು, ಅಗಲ ಇಪ್ಪತ್ತೈದು, ಆಳ ಇಪ್ಪತ್ತು ಎಂದು ಅಳತೆ ಹಾಕಿ ಕೊಟ್ಟೆ. ಹತ್ತು ದಿನದ ಮೇಲೆ ಪೆಟ್ಟಿಗೆ ಗೂಡ್ಸ್ ಆಟೋದಲ್ಲಿ ಬಂತು. ಇಳಿಸಲು ಇಬ್ಬರು ಬೇಕಾಯಿತು. ನಾನು ಮನಸ್ಸಿನಲ್ಲಿಟ್ಟುಕೊಂಡದ್ದು ಸೆಂಟಿಮೀಟರ್, ರಾಘವೇಟ್ಟ ಮಾಡಿದ್ದು ಇಂಚು. ಚೀಟಿಯಲ್ಲಿ ಯಾವುದೂ ಇರಲಿಲ್ಲ. ಉತ್ತರಪತ್ರಿಕೆಯಲ್ಲಿ ಏಕಮಾನ ಬರೆಯದ ಮಕ್ಕಳಿಗೆ ಅರ್ಧ ಅಂಕ ಕಳೆದು, ಕೆಂಪು ಶಾಯಿಯಲ್ಲಿ ಸುತ್ತು ಹಾಕುವವಳು ನಾನು.

ರಾಘವೇಟ್ಟ ತಲೆ ಕೆರೆದುಕೊಂಡು, "ನಾನು ಆಲೋಚಿಸಿದೆ ಟೀಚರೇ, ಇದು ಜೇನಿಗಾ ಕರುವಿಗಾ ಅಂತ. ಟೀಚರ್ ಅಲ್ಲವಾ, ಲೆಕ್ಕ ತಪ್ಪಲಿಕ್ಕಿಲ್ಲ ಅಂತ ಮಾಡಿದೆ" ಎಂದರು.

ಮಾರನೆಯ ದಿನವೇ ನಮ್ಮ ಕೋಳಿಯೊಂದು ಅದರೊಳಗೆ ಕಾವಿಗೆ ಕೂತಿತು.

ಹೀಗೆ ಆ ಪೆಟ್ಟಿಗೆ ಜಗಲಿಯ ಮೇಲೆ ಇದ್ದಾಗ ನನ್ನ ಅತ್ತೆ ಪುಟ್ಟತಾಯಮ್ಮ ಬಂದು ಅದರ ಪಕ್ಕ ಕೂತರು. ಎಪ್ಪತ್ತೆಂಟರ ಹತ್ತಿರ ವಯಸ್ಸು, ಸಣ್ಣ ಮೈ, ಮಾತು ಕಡಿಮೆ. ಇಷ್ಟು ದಿನ ನನ್ನ ಜೇನಿನ ಗದ್ದಲದಲ್ಲಿ ಅವರು ಒಂದು ಮಾತೂ ಆಡಿರಲಿಲ್ಲ. ನಾನು ಜೇನಿನ ವಿಷಯ ಎತ್ತಿದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ವಯಸ್ಸಾದವರಿಗೆ ಕುಟುಕುವ ಭಯ ಎಂದುಕೊಂಡಿದ್ದೆ. ಆ ದಿನ ಅವರು ಕೋಳಿಯನ್ನು ಎತ್ತಿ ಕೆಳಗಿಟ್ಟು, ಪೆಟ್ಟಿಗೆಯೊಳಗೆ ಗೇಣು ಹಾಕಿ ಅಳೆದರು.

"ಇಷ್ಟು ದೊಡ್ಡ ಮನೇನ ಅವು ಬೆಚ್ಚಗೆ ಮಾಡ್ಕಳಕ್ಕಾಯ್ತದಾ?" ಎಂದರು. "ನಮ್ಮ ತುಡುವೆ ಜೇನು ಸಣ್ಣುವು. ಮೂರು ಗೇಣು ಆಳ ಇದ್ರೆ ಮರಿಗೆ ಚಳಿ ಹೊಡೀತದೆ. ಇನ್ನ ಪಟ್ಟಿ. ಇಷ್ಟು ಅಗಲ ಇಟ್ರೆ ಒಂದೇ ಪಟ್ಟಿಗೆ ಎರಡು ಎರಿ ಕಟ್ತವೆ. ಎರಡು ಬೆರಳು. ಹಿಂಗೆ." ತೋರುಬೆರಳು, ನಡುಬೆರಳು ಜೋಡಿಸಿ ಹಿಡಿದರು.

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. "ನಿಮಗೆ ಹೇಗೆ ಗೊತ್ತು ಅತ್ತೆ?"

ಅವರು ಕೋಳಿ ಬಿಟ್ಟುಹೋದ ಪುಕ್ಕವನ್ನು ಎತ್ತಿ ಹೊರಗೆ ಹಾಕಿದರು. ಲೋಕೇಶ್ ಜಗಲಿಯ ಕಂಬಕ್ಕೆ ಒರಗಿ ಪೇಪರ್ ಓದುತ್ತಿದ್ದರು.

"ಹನ್ನೆರಡು ಪೆಟ್ಟಿಗೆ ಇದ್ವು ಕಣವ್ವ ನಂಗೆ. ನೀನು ಈ ಮನೆಗೆ ಬರಕ್ಕೆ ಮುಂಚೆ. ಆ ಹಲಸಿನ ಮರದಿಂದ ಬಾವಿಗಂಟ ಸಾಲಾಗಿ ಇಟ್ಟಿದ್ದೆ. ಆಮೇಲೆ ಆ ಕಾಯಿಲೆ ಬಂತು. ಮರಿಹುಳ ಎಲ್ಲ ನೀರು ತುಂಬಿದ ಚೀಲದಂಗಾಗಿ ಸಾಯ್ತಿದ್ವು. ಜಿಲ್ಲೆ ಪೂರ್ತಿ ಬಂತು, ನಮಗೊಬ್ಬರಿಗೇ ಅಲ್ಲ."

"ಹೌದು, ಕೇಳಿದ್ದೇನೆ."

"ಮೊದ್ಲು ಒಂದು ಪೆಟ್ಟಿಗೆ ಬಡವಾಯ್ತು. ಬಡವಾದ ಪೆಟ್ಟಿಗೆಗೆ ಬಲವಾಗಿರದ್ರಿಂದ ಒಂದು ಚೌಕಟ್ಟು ತಗದು ಕೊಡಬೇಕು ಅಂತ ಹೇಳಿಕೊಟ್ಟಿದ್ರು. ನಂಗದು ಬೋ ಚೆನ್ನಾಗಿ ಬತ್ತಿತ್ತು. ಒಂದು ನೊಣಾನೂ ಸಾಯದಂಗೆ ತಗೀತಿದ್ದೆ. ಅದರದು ಇದಕ್ಕೆ ಹಾಕ್ದೆ, ಇದರದು ಅದಕ್ಕೆ ಹಾಕ್ದೆ. ಆರೈಕೆ ಮಾಡ್ತಾ ಇದೀನಿ ಅಂದ್ಕಂಡಿದ್ದೆ. ಕಾಯಿಲೆ ಹಂಚ್ತಾ ಇದ್ದೆ. ಯುಗಾದಿ ಹೊತ್ಗೆ ಹನ್ನೆರಡೂ ಖಾಲಿ."

"ಅತ್ತೆ, ಅದು ವೈರಸ್ಸು. ನೀವು ಮುಟ್ಟದೆ ಇದ್ದಿದ್ದರೂ ಬರುತ್ತಿತ್ತು. ಮರದ ಪೊಟರೆಯಲ್ಲಿದ್ದ ಜೇನೂ ಸತ್ತುಹೋದವಂತಲ್ಲ."

"ಸತ್ವು. ಅವು ಅವೇ ಸತ್ವು. ಇವು ನನ್ನ ಕೈಯಿಂದ ಹೋದ್ವು" ಎಂದರು ಅತ್ತೆ.

ಲೋಕೇಶ್ ಪೇಪರ್ ಮಡಚಿಟ್ಟಿದ್ದರು. ಆ ಕಾಲದಲ್ಲಿ ಅವರು ಹಾಸನದಲ್ಲಿ ಓದುತ್ತಿದ್ದರಂತೆ. ರಜೆಗೆ ಬಂದಾಗ ಪೆಟ್ಟಿಗೆಗಳು ಇರಲಿಲ್ಲ, ಬಚ್ಚಲಿನ ಒಲೆಯ ಪಕ್ಕ ಸಣ್ಣ ಸಣ್ಣ ಹಲಗೆಗಳ ರಾಶಿ ಇತ್ತು. ಕೇಳಿದ್ದಕ್ಕೆ ಅವ್ವ, ಹುಳ ಹಿಡೀತು ಎಂದಷ್ಟೇ ಹೇಳಿದ್ದರು. ಮೂವತ್ತು ವರ್ಷ ದಾಟಿದ ಮೇಲೆ ಅವರಿಗೂ ಈಗಲೇ ಗೊತ್ತಾದದ್ದು.

ಜೇನಿನ ಆಸೆಯನ್ನು ಅಲ್ಲಿಗೇ ಬಿಟ್ಟುಬಿಡೋಣ ಎಂದುಕೊಂಡೆ. ಲೋಕೇಶ್‌ಗೂ ಹಾಗೇ ಹೇಳಿದೆ. ಮಾರನೆಯ ದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಅಂಗಳದಲ್ಲಿ ಟ್ರ್ಯಾಕ್ಟರ್ ನಿಂತಿತ್ತು, ಟ್ರೈಲರಿನಲ್ಲಿ ಒಂದು ಕಪ್ಪು ಬೊಡ್ಡೆ. ಹಿಂದಿನ ವರ್ಷದ ಗಾಳಿಗೆ ತೋಟದ ಕೊನೆಯಲ್ಲಿ ಒಂದು ಬೈನೆ ಮರ ಬಿದ್ದಿತ್ತು. ಬೈನೆಯ ಒಳಗಿನ ತಿರುಳು ಮೆತ್ತಗೆ, ಬೇಗ ಕೊಳೆತುಹೋಗುತ್ತದೆ. ಹೊರಗಿನ ಚಿಪ್ಪು ಮಾತ್ರ ಕಬ್ಬಿಣ. ಮೊದಲೆಲ್ಲ ಅದನ್ನು ಸೀಳಿ ನೀರಿನ ದೋಣಿ ಮಾಡುತ್ತಿದ್ದರು. ಲೋಕೇಶ್ ಅದರ ಒಂದು ತುಂಡನ್ನು, ಒಂದೂವರೆ ಗೇಣು ಉದ್ದಕ್ಕೆ ಕೊಯ್ದು, ಒಳಗನ್ನು ಕೆರೆದು ತಂದಿದ್ದರು. ನಾನು ಬೆರಳಿಂದ ತಟ್ಟಿದೆ. ಗಟ್ಟಿಯಾದ, ತುಂಬಿದ ಸದ್ದು ಬಂತು. ನನ್ನ ಚಟ ಶುರುವಾದದ್ದು ಅಲ್ಲಿಂದಲೇ.

"ಅವ್ವನಿಗೆ ಪೆಟ್ಟಿಗೆ ಆಗಲ್ಲ. ಇದು ಪೆಟ್ಟಿಗೆ ಅಲ್ಲ" ಎಂದರು ಲೋಕೇಶ್.

ಇಲಾಖೆಯ ಪೆಟ್ಟಿಗೆಯ ಪರ ಹದಿನೈದು ದಿನ ವಾದ ಮಾಡಿದ ಮನುಷ್ಯ. ಬೊಡ್ಡೆಯನ್ನು ಕೆರೆದು ಅಂಗೈಯೆಲ್ಲ ಬೊಬ್ಬೆ ಬಂದಿತ್ತು.

ಆದರೆ ಬೊಡ್ಡೆಯಲ್ಲೂ ಒಂದು ತೊಡಕಿದೆ. ಎರಡೂ ಕಡೆ ಹಲಗೆ ಬಡಿದು ಮುಚ್ಚಿದರೆ ಎರಿಗಳು ಗೋಡೆಗೇ ಅಂಟಿ ಬೆಳೆಯುತ್ತವೆ. ತುಪ್ಪ ಬೇಕೆಂದರೆ ಇಡೀ ಸಂಸಾರವನ್ನೇ ಕಿತ್ತು ಹಾಕಬೇಕು. ಹಾಗಾಗಿ ನಾನು ಮತ್ತೆ ರಾಘವೇಟ್ಟನ ಬಳಿಗೆ ಓಡಿದೆ, ಈ ಸಲ ಏಕಮಾನ ಬರೆದ ಚೀಟಿಯೊಂದಿಗೆ. ಅವರು ಚೀಟಿ ನೋಡಲಿಲ್ಲ. "ಬೊಡ್ಡೆ ನೋಡಬೇಕು" ಎಂದರು. ಶಿವರಾತ್ರಿಯ ಬೆಳಿಗ್ಗೆ ಉಳಿ, ಸುತ್ತಿಗೆ, ಸಿಲ್ವರ್ ಓಕಿನ ನಾಲ್ಕು ರೀಪಿನ ಜೊತೆ ಮನೆಗೇ ಬಂದರು. ಬೊಡ್ಡೆಯನ್ನು ನಿಲ್ಲಿಸಿ, ಸುತ್ತ ಒಂದು ಪ್ರದಕ್ಷಿಣೆ ಬಂದು, "ಅಮ್ಮ, ಪಟ್ಟಿ ಎಷ್ಟು ಅಗಲ ಬೇಕು?" ಎಂದು ನನ್ನನ್ನು ಬಿಟ್ಟು ಅತ್ತೆಯನ್ನು ಕೇಳಿದರು.

ಅತ್ತೆ ಎರಡು ಬೆರಳು ಜೋಡಿಸಿ ಕೊಟ್ಟರು. ರಾಘವೇಟ್ಟ ಅದರ ಮೇಲೆ ಟೇಪು ಹಿಡಿದು, "ಒಂದೂಕಾಲು ಇಂಚು" ಎಂದು ಸಿಲ್ವರ್ ಓಕಿನ ಮೇಲೆ ಗೆರೆ ಎಳೆದರು. ನಾನು ಹದಿನೈದು ದಿನ ವಿಡಿಯೋ ನೋಡಿ ಹುಡುಕಿದ್ದ ಅಳತೆಯೂ ಅದೇ.

ಬೊಡ್ಡೆಯ ಬಾಯಿಗೆ ಎಂಟು ಪಟ್ಟಿ ಹಿಡಿಯುತ್ತಿತ್ತು. ರಾಘವೇಟ್ಟ ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚು ತೆಗೆದು ಒಂದೊಂದು ಪಟ್ಟಿಯನ್ನೂ ಅದರ ಜಾಗದಲ್ಲೇ ಕೂರಿಸಿ ಅಳೆದು ಕೊಯ್ಯುತ್ತಿದ್ದರು. ಬಾಯಿ ದುಂಡಗಿದ್ದದ್ದರಿಂದ ನಡುವಿನವು ಉದ್ದ, ಬದಿಯವು ಗಿಡ್ಡ. ಅದೂ ಸರಿಯಾದ ದುಂಡಲ್ಲ, ಒಂದು ಕಡೆ ಸ್ವಲ್ಪ ಉಬ್ಬು. ಹಾಗಾಗಿ ಯಾವ ಎರಡು ಪಟ್ಟಿಯೂ ಒಂದೇ ಅಳತೆಯಾಗಲಿಲ್ಲ. ಪೆನ್ಸಿಲಿನಲ್ಲಿ ನಂಬರ್ ಹಾಕತೊಡಗಿದರು.

ಅತ್ತೆ ಒಂದು ಪಟ್ಟಿಯನ್ನು ಎತ್ತಿಕೊಂಡು ತಿರುಗಿಸಿ ನೋಡಿದರು. ಉಪವಾಸ, ಬಾಯಿ ಒಣಗಿತ್ತು.

"ಇನ್ನೊಂದು ಬೊಡ್ಡೆ ಮಾಡಿದ್ರೆ, ಇದರ ಪಟ್ಟಿ ಅದಕ್ಕೆ ಹಿಡಿಯಲ್ವಾ?"

ರಾಘವೇಟ್ಟ ಇದು ತಮ್ಮ ಕೆಲಸದ ಮೇಲಿನ ದೂರು ಎಂದುಕೊಂಡರು. "ಇಲ್ಲಮ್ಮ, ಹಿಡಿಯೋದಿಲ್ಲ. ಮರ ಹಾಗೆ ಉಂಟು, ನಾನು ಎಂಥ ಮಾಡೋದು? ಇದರದು ಇದಕ್ಕೆ ಮಾತ್ರ."

"ಇದರದು ಇದಕ್ಕೆ ಮಾತ್ರ" ಎಂದು ಅತ್ತೆ ಮೆಲ್ಲಗೆ ಇನ್ನೊಮ್ಮೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಇದೇ ಇರಲಿ ಕಣವ್ವ" ಎಂದರು.

ಇಷ್ಟು ದಿನ ನಾನು ಹುಡುಕಿದ ವಿನ್ಯಾಸದಲ್ಲಿ ಗಾಳಿಯ ಲೆಕ್ಕವಿತ್ತು, ಬಿಸಿಲಿನ ಲೆಕ್ಕವಿತ್ತು, ಇರುವೆ ಬರದಂತೆ ಕಾಲಿನ ಕೆಳಗೆ ಇಡಬೇಕಾದ ನೀರಿನ ಚಿಪ್ಪಿನ ಲೆಕ್ಕವೂ ಇತ್ತು. ಒಂದು ಗೂಡಿನ ಎರಿಯನ್ನು ಇನ್ನೊಂದಕ್ಕೆ ಹಾಕಲು ಆಗಲೇಬಾರದು ಎಂಬ ಲೆಕ್ಕ ಯಾವ ವಿಡಿಯೋದಲ್ಲೂ ಇರಲಿಲ್ಲ.

ಐದು ಪಟ್ಟಿ ಮುಗಿದಿತ್ತು. ಆಗ ಫೋನ್ ಬಂತು. ಅರ್ಧ ಕಿಲೋಮೀಟರ್ ಆಚೆಗಿನ ಎಸ್ಟೇಟಿನ ಪೊನ್ನಮ್ಮ ಆಂಟಿ. ತೋಟದ ಜೊತೆ ಹೋಂಸ್ಟೇ ನಡೆಸುತ್ತಾರೆ. ನನ್ನ ಹುಚ್ಚು ಅವರಿಗೂ ಗೊತ್ತು.

"ಟೀಚರ್, ಎಲ್ಲಿದ್ದೀರಿ? ನಮ್ಮ ಗೇಟಿನ ಕಂಬಕ್ಕೆ ಜೇನು ಬಂದು ಕೂತಿದೆ, ಇಷ್ಟು ದೊಡ್ಡ ಗೊನೆ. ಎರಡು ಗಂಟೆಗೆ ಗೆಸ್ಟ್ ಬರ್ತಾರೆ. ಅಷ್ಟರಲ್ಲಿ ತೆಗೀದಿದ್ರೆ ನಮ್ಮ ಎಸ್ಟೇಟ್ ರೈಟರ್ ಬೆಂಕಿ ಹಿಡಿಸ್ತೀನಿ ಅಂತಿದ್ದಾರೆ. ನಂಗೆ ಮನಸ್ಸಿಲ್ಲ. ಬೇಗ ಬನ್ನಿ."

ಗಂಟೆ ಹನ್ನೆರಡೂವರೆ. ನಾನು ಏನು ಮಾಡಿದೆ ಎಂದು ಕೇಳಿದರೆ ನಗುತ್ತೀರಿ. ಮೊಬೈಲು ತೆರೆದು ‘ಜೇನು ಹಿಡಿಯುವುದು ಹೇಗೆ’ ಎಂದು ಹುಡುಕತೊಡಗಿದೆ. ಆತುರಕ್ಕೆ ಅಕ್ಷರವೆಲ್ಲ ತಪ್ಪು. ಅತ್ತೆ ಅಷ್ಟರಲ್ಲಿ ಅಟ್ಟದಿಂದ ಹಳೆಯ ಬಿದಿರಿನ ಕುಕ್ಕೆ ಇಳಿಸಿ, ಪಂಚೆಯೊಂದನ್ನು ನೀರಿಗೆ ಅದ್ದಿ ಹಿಂಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲಿಳಿದಿದ್ದರು.

"ಅವ್ವ, ಉಪವಾಸ ಇದ್ದೀಯ. ಬಿಸಿಲು" ಎಂದರು ಲೋಕೇಶ್.

"ಟ್ಯಾಕ್ಟ್ರು ಬೇಡ, ಸದ್ದಿಗೆ ಎದ್ದೋಯ್ತವೆ. ನಡಕಂಡೇ ಹೋಗಾನ. ರಾಘವಪ್ಪ, ಉಳಿದ ಮೂರು ಪಟ್ಟಿ ಮುಗಿಸಿರು."

"ಪೇಡಿಕ್ಕೇಂಡ ಅಮ್ಮ, ನೀವು ಬರುವಾಗ ಮುಗಿದಿರುತ್ತೆ" ಎಂದು ರಾಘವೇಟ್ಟ ಧೈರ್ಯ ಹೇಳಿ ಉಳಿ ಎತ್ತಿಕೊಂಡರು.

ಪೊನ್ನಮ್ಮ ಆಂಟಿಯ ಗೇಟಿನಲ್ಲಿ ಸಣ್ಣ ಗುಂಪೇ ಸೇರಿತ್ತು. ಕೂಲಿ ಲೈನಿನಿಂದ ಬಂದ ನಾಲ್ಕು ಹೆಂಗಸರು, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್, ದೂರದಲ್ಲಿ ಆಂಟಿ. ರೈಟರ್ ಕೈಯಲ್ಲಿ ತೆಂಗಿನ ಗರಿಯ ಸೂಡಿ ಸಿದ್ಧವಿತ್ತು. ಕಂಬದ ಮೂಲೆಗೆ ಕಂದು ಬಣ್ಣದ ಗೊಂಚಲು ಜೋತುಬಿದ್ದಿತ್ತು. ಹತ್ತಿರ ಹೋದರೆ ಇಡೀ ಗೊಂಚಲು ಉಸಿರಾಡುತ್ತಿದ್ದ ಹಾಗೆ ಅಲುಗುತ್ತಿತ್ತು. ನನಗಾದದ್ದು ಭಯವೋ ಸಂತೋಷವೋ ಇವತ್ತಿಗೂ ಬೇರ್ಪಡಿಸಿ ಹೇಳಲಾರೆ.

ಅತ್ತೆ ಯಾರ ಮುಖವನ್ನೂ ನೋಡಲಿಲ್ಲ. ಕಂಬದ ಬಳಿ ಹೋಗಿ ನಿಂತರು. ಮೂವತ್ತು ವರ್ಷದ ಮೇಲೆ ಅವರು ಜೇನಿನ ಎದುರು ನಿಂತದ್ದು. ಆಮೇಲೆ ಒದ್ದೆ ಪಂಚೆಯ ನೀರನ್ನು ಬೆರಳ ತುದಿಯಲ್ಲಿ ಚಿಮುಕಿಸಿ, ಕುಕ್ಕೆಯನ್ನು ಬೋರಲಾಗಿ ಗೊಂಚಲಿನ ಮೇಲೆ ಹಿಡಿಯಲು ನನಗೆ ಹೇಳಿದರು.

"ಅಲುಗಬ್ಯಾಡ. ಕೈ ಮೇಲೆ ಹತ್ತಿದ್ರೂ ಹತ್ತಲಿ. ಅವಕ್ಕೆ ಈಗ ಮನೆ ಇಲ್ಲ, ಮರಿ ಇಲ್ಲ, ಕಾಯೋದು ಏನೂ ಇಲ್ಲ. ಕಚ್ಚಲ್ಲ."

ಹೊಂಗೆಯ ಒಂದು ಚಿಗುರು ಕಡ್ಡಿಯಿಂದ ಗೊಂಚಲಿನ ಕೆಳಭಾಗವನ್ನು, ಮಗುವಿನ ಅಂಗಾಲಿಗೆ ಕಚಗುಳಿ ಇಟ್ಟ ಹಾಗೆ ಸವರತೊಡಗಿದರು. ಮೊದಲು ಒಂದಿಷ್ಟು ಹಾರಿದವು. ಆಮೇಲೆ ಒಂದು ಸಾಲು ಮೇಲಕ್ಕೆ ಹತ್ತಿತು. ಅದರ ಹಿಂದೆ ಇನ್ನೊಂದು. ನೋಡನೋಡುತ್ತಿದ್ದಂತೆ ಇಡೀ ಗೊಂಚಲು ಕುಕ್ಕೆಯ ಕತ್ತಲಿಗೆ ನಡೆದುಕೊಂಡು ಹೋಯಿತು. ಕೆಲವು ನನ್ನ ಮಣಿಕಟ್ಟಿನ ಮೇಲೆ ಹಾದುಹೋದವು. ಬೆಚ್ಚಗೆ, ಹಗುರಾಗಿ, ಆರಾರು ಕಾಲಿನಲ್ಲಿ. ಕುಕ್ಕೆಯ ಭಾರ ಹೆಚ್ಚಾಗುತ್ತ ಬಂದದ್ದು ತೋಳಿಗೆ ತಿಳಿಯುತ್ತಿತ್ತು. ನನಗೆ ಕಿರುಚಿ ಕುಣಿಯಬೇಕೆನಿಸಿತು. ಅಲುಗಬಾರದು ಎಂದಿದ್ದರಲ್ಲ, ಹಾಗಾಗಿ ಕಣ್ಣಲ್ಲಿ ನೀರು ಬಂತು.

ಒದ್ದೆ ಪಂಚೆ ಮುಚ್ಚಿ ಮನೆಗೆ ತಂದಾಗ ರಾಘವೇಟ್ಟ ಎಂಟನೆಯ ಪಟ್ಟಿಯ ತುದಿ ಕೆತ್ತುತ್ತಿದ್ದರು. ಪಕ್ಕದಲ್ಲಿ ಕುಕ್ಕೆ ಗುಂಯ್ ಎನ್ನುತ್ತಿದ್ದರೂ ಅವರ ಉಳಿ ಓಡಲಿಲ್ಲ, ನಿಲ್ಲಲೂ ಇಲ್ಲ. ಅತ್ತೆ ಬೊಡ್ಡೆಯ ಒಳಗೆ, ಜೇನಿಗೆ ಹಿಡಿಸುವ ನಿಂಬೆ ವಾಸನೆಯ ಮಜ್ಜಿಗೆ ಹುಲ್ಲು ಉಜ್ಜಿದರು. ನಾನು ಪಟ್ಟಿಗಳ ಅಡಿಗೆ ಮೇಣದ ಗೆರೆ ಎಳೆದೆ. ಲೋಕೇಶ್ ನಾಲ್ಕು ಕಾಲಿನ ಮಣೆಯನ್ನು ಹಲಸಿನ ಮರದ ಕೆಳಗೆ ತಂದಿಟ್ಟು, ಒಂದೊಂದು ಕಾಲನ್ನೂ ನೀರು ತುಂಬಿದ ತೆಂಗಿನ ಚಿಪ್ಪಿ‌ನಲ್ಲಿ ನಿಲ್ಲಿಸಿದರು. ಬೊಡ್ಡೆಯ ಬುಡದಲ್ಲಿ ಬೆರಳು ಹೋಗುವಷ್ಟು ಬಾಯಿ. ಕುಕ್ಕೆಯನ್ನು ಒಮ್ಮೆ ಕೊಡವಿ ಅಷ್ಟನ್ನೂ ಒಳಗೆ ಸುರಿದು, ಪಟ್ಟಿಗಳನ್ನು ನಂಬರ್ ಪ್ರಕಾರ ಜೋಡಿಸಿ, ಮೇಲೆ ಹಲಗೆ, ಹಲಗೆಯ ಮೇಲೆ ಕಲ್ಲು.

ಹೊರಗುಳಿದ ನೊಣಗಳು ಬಾಯಿಯ ಹತ್ತಿರ ಬಾಲ ಎತ್ತಿ ರೆಕ್ಕೆ ಬೀಸತೊಡಗಿದವು. "ರಾಣಿ ಒಳಗವಳೆ. ಮಿಕ್ಕವರನ್ನ ಕರೀತಾ ಅವೆ" ಎಂದರು ಅತ್ತೆ. ಅಷ್ಟು ಹೊತ್ತಿಗೆ ಗಂಟೆ ಎರಡು. ಪೊನ್ನಮ್ಮ ಆಂಟಿಯ ಅತಿಥಿಗಳ ಕಾರು ರಸ್ತೆಯಲ್ಲಿ ಹಾದುಹೋದದ್ದು ಕೇಳಿಸಿತು.

ಬಂದ ಜೇನು ಇರುತ್ತದೆಯೆಂದೇನಿಲ್ಲ. ಮನೆ ಹಿಡಿಸದಿದ್ದರೆ ಮೂರೋ ನಾಲ್ಕೋ ದಿನದಲ್ಲಿ ಒಟ್ಟಿಗೆ ಎದ್ದು ಹೋಗಿಬಿಡುತ್ತವೆ. ಆ ಶುಕ್ರವಾರ ಸಂಜೆಯೂ ಶನಿವಾರ ಬೆಳಿಗ್ಗೆಯೂ ನಾನು ಎಷ್ಟು ಸಲ ಹಲಸಿನ ಮರಕ್ಕೆ ಹೋಗಿಬಂದೆನೋ ಲೆಕ್ಕವಿಲ್ಲ. ಶನಿವಾರ ಸಂಜೆ, ಹೂಮಳೆಯ ಹಿಂದೆ ಬರಬೇಕಾದ ಎರಡನೆಯ ಮಳೆ ಬಂತು. ಎಲ್ಲರೂ ಕಾಯುತ್ತಿದ್ದ ಮಳೆ, ಗುಡುಗು ಸಮೇತ, ಒಂದು ಗಂಟೆ ಚೆನ್ನಾಗಿ ಸುರಿಯಿತು. ಊರೆಲ್ಲ ಹಿಗ್ಗಿತು. ನಾನು ಮಾತ್ರ ಬೊಡ್ಡೆಯ ಮೇಲಿನ ಹಲಗೆ ಸರಿದಿರಬಹುದೇ ಎಂದು ಕಿಟಕಿಗೆ ಅಂಟಿಕೊಂಡಿದ್ದೆ.

ಬೆಳಿಗ್ಗೆ ಏಳಕ್ಕೆ ಹೋಗಿ ನೋಡಿದರೆ ಬೊಡ್ಡೆಯ ಬಾಯಿಯಲ್ಲಿ ಒಂದು ನೊಣವೂ ಇಲ್ಲ. ಎಂಟಾಯಿತು, ಇಲ್ಲ. ಮಂಜು ಕವಿದಿತ್ತು, ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂಬತ್ತು ಗಂಟೆಗೂ ಇಲ್ಲ. ಎದ್ದುಹೋಗಿವೆ ಎಂದು ನನಗೆ ಖಾತ್ರಿಯಾಯಿತು. ತೆಗೆದು ನೋಡದೆ ಇರಲು ಆಗಲಿಲ್ಲ. ಕಲ್ಲನ್ನು ಇಳಿಸಿ ಹಲಗೆಗೆ ಕೈ ಹಾಕಿದೆ.

ಎಲ್ಲಿದ್ದರೋ, ಅತ್ತೆ ಬಂದು ಹಲಗೆಯ ಮೇಲೆ ಅಂಗೈ ಊರಿದರು.

"ತಗೀಬ್ಯಾಡ."

"ಒಂದೇ ಒಂದು ಸಲ ಅತ್ತೆ. ಇದ್ದಾವೋ ಇಲ್ಲವೋ ನೋಡಿ ಮುಚ್ಚಿಬಿಡ್ತೀನಿ."

"ಇದ್ರೆ ಇರ್ತವೆ. ಹೋಗಿದ್ರೆ ಹೋಗಿರ್ತವೆ. ನೀನು ನೋಡಿದ್ರೆ ವಾಪಸ್ ಬತ್ತವಾ?"

ನನ್ನ ಹತ್ತಿರ ತೆಗೆಯಲು ಮೂರು ವೈಜ್ಞಾನಿಕ ಕಾರಣಗಳಿದ್ದವು. ಮೂರನ್ನೂ ಹೇಳಿದೆ. ಅತ್ತೆ ಅಂಗೈ ಎತ್ತಲಿಲ್ಲ. ಬೊಡ್ಡೆಯ ಪಕ್ಕದ ಚಪ್ಪಡಿಯ ಮೇಲೆ ಕೂತು, ಕೈಯನ್ನು ಹಾಗೇ ಹಲಗೆಯ ಮೇಲೆ ಇಟ್ಟುಕೊಂಡರು. ನಾನು ನಿಂತೇ ಇದ್ದೆ. ಲೋಕೇಶ್ ಎರಡು ಲೋಟ ಕಾಫಿ ತಂದುಕೊಟ್ಟು, ಪರಿಸ್ಥಿತಿ ನೋಡಿ ವಾಪಸು ಹೋದರು. ಹತ್ತಾಯಿತು. ಮಂಜು ನಿಧಾನವಾಗಿ ಬೆಟ್ಟದ ಕಡೆ ಸರಿಯಿತು. ಬಿಸಿಲು ಮೊದಲು ಬಾವಿಕಟ್ಟೆಗೆ ಬಂತು, ಆಮೇಲೆ ಹಲಸಿನ ಬುಡಕ್ಕೆ, ಆಮೇಲೆ ಬೊಡ್ಡೆಯ ಅರ್ಧಕ್ಕೆ.

ಬಾಯಿಯಲ್ಲಿ ಒಂದು ತಲೆ ಕಾಣಿಸಿತು. ಹೊರಗೆ ಬಂದು ಮೀಸೆ ಒರೆಸಿಕೊಂಡಿತು, ಹಾರಿತು. ಇನ್ನೊಂದು ಬಂತು. ಮತ್ತೆ ಎರಡು ಒಟ್ಟಿಗೆ. ಆಮೇಲೆ ಎಣಿಸಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಒಂದು ವಾಪಸು ಬಂತು. ಹಿಂಗಾಲುಗಳಲ್ಲಿ ಹಳದಿ ಪರಾಗದ ಎರಡು ಉಂಡೆ. ಮರಿಗಳಿಗೆ ಊಟ ತರುವವರು ಮನೆ ಬಿಟ್ಟು ಹೋಗುವವರಲ್ಲ ಎಂದು ನನಗೆ ಪಾಠ ಮಾಡಿ ಗೊತ್ತಿತ್ತು. ಅತ್ತೆಗೆ ಮಾಡಿ ಗೊತ್ತಿತ್ತು.

ಅವರು ಹಲಗೆಯ ಮೇಲಿಂದ ಕೈ ತೆಗೆದರು. ತೆಗೆದ ಮೇಲೆ ಕಂಡಿತು, ಅಂಗೈಯಲ್ಲಿ ಹಲಗೆಯ ಗೆರೆಗಳು ಅಚ್ಚೊತ್ತಿದ್ದವು. ಸೆರಗಿನಲ್ಲಿ ಒರೆಸಿಕೊಂಡು, ಏನೂ ಆಗದವರ ಹಾಗೆ ಕೇಳಿದರು:

"ಸ್ಕೂಲಿಗೆ ಹೊತ್ತಾಗಲ್ವಾ ನಿಂಗೆ?"

"ಇವತ್ತು ಭಾನುವಾರ ಅತ್ತೆ."

"ಹಂಗಾದ್ರೆ ಕೂತ್ಕಾ" ಎಂದು ಚಪ್ಪಡಿಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.